ಚಳಿಗೆ ಮುಂಚೆ ಲಾನ್‌ಗೆ ಯಾವ ಗೊಬ್ಬರ? ಕಪ್ಪು ಮಣ್ಣಿಗೊಂದು ಲೆಕ್ಕ, ಕೆಂಪು ಮಣ್ಣಿಗೊಂದು ಲೆಕ್ಕ

ಚಿತ್ತಾ ಮಳೆ ಮುಗಿಯುವ ಹೊತ್ತಿಗೆ ಚಿತ್ರದುರ್ಗದಿಂದ ಅಕ್ಕನ ಫೋನ್ ಬಂದೇ ಬರುತ್ತದೆ. "ಹುಲ್ಲು ಈಗ ಚೆನ್ನಾಗೈತೆ. ಚಳಿ ಬಿತ್ತು ಅಂದ್ರೆ ಮತ್ತೆ ಕೆಂಪಗಾಗುತ್ತೆ. ಗೊಬ್ಬರ ಹಾಕ್ಲೋ ಬ್ಯಾಡ್ವೋ ತಮ್ಮಾ? ಹಾಕೋದಾದ್ರೆ ಯಾವ್ದು?" ದಾವಣಗೆರೆಯಲ್ಲಿ ನಮ್ಮ ಬೀದಿಯವರೂ ದೀಪಾವಳಿ ಹತ್ತಿರ ಬಂದಾಗ ಇದನ್ನೇ ಕೇಳುತ್ತಾರೆ. ಒಬ್ಬರ ಕೈಯಲ್ಲಿ ಯೂರಿಯಾ ಇರುತ್ತದೆ. ಇನ್ನೊಬ್ಬರ ಗೇಟಿನ ಹತ್ತಿರ ಕುರಿ ಗೊಬ್ಬರದ ಚೀಲ ಇಳಿದಿರುತ್ತದೆ. ಮತ್ತೊಬ್ಬರು ಮೊಬೈಲ್ ನೋಡಿ, "ಚಳಿಗೆ ಪೊಟ್ಯಾಷ್ ಜಾಸ್ತಿ ಕೊಡಬೇಕಂತೆ, ಅಲ್ವಾ?" ಅನ್ನುತ್ತಾರೆ.

ನಮ್ಮ ಮನೆಯದು ಕಪ್ಪು ಮಣ್ಣು, ಮೂರು ಚದರದ, ಅಂದರೆ 300 ಚದರ ಅಡಿಯ ಲಾನ್. ಅಕ್ಕನ ಮನೆಯದು ಗೊರಚು ಕೆಂಪು ಮಣ್ಣು, ಐದು ಚದರ. ಎರಡೂ ಕಡೆ ಹುಲ್ಲು ಒಂದೇ, ಬರ್ಮುಡಾ. ಎಷ್ಟೋ ಚಳಿಗಾಲ ಈ ಎರಡು ಲಾನ್ ಜೊತೆಗೆ ನೋಡಿಕೊಂಡ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಯಾವ ಗೊಬ್ಬರ ಅಂತ ತೀರ್ಮಾನ ಮಾಡಬೇಕಾದ್ದು ಚಳಿ ನೋಡಿ ಅಲ್ಲ. ನಿಮ್ಮ ಮಣ್ಣು ಮತ್ತು ಜನವರಿಯಲ್ಲಿ ನಿಮ್ಮ ಬೋರ್‌ವೆಲ್ ಕೊಡುವ ನೀರು ನೋಡಿ.

ನಮ್ಮ ಚಳಿ ಎಂಥದ್ದು

ಹೊರದೇಶದ ಸಲಹೆಗಳಲ್ಲಿ ‘ಮೊದಲ ಹಿಮ ಬೀಳುವ ನಾಲ್ಕಾರು ವಾರ ಮುಂಚೆ ಸಾರಜನಕ ನಿಲ್ಲಿಸಿ, ಪೊಟ್ಯಾಷ್ ಕೊಡಿ’ ಎಂದು ಇರುತ್ತದೆ. ಅಲ್ಲಿಗೆ ಅದು ಸರಿ. ಅಲ್ಲಿ ನೆಲ ತಣ್ಣಗಾಗಿ ಬರ್ಮುಡಾ ಪೂರ್ತಿ ಕಂದಾಗಿ ಮಲಗಿಬಿಡುತ್ತದೆ. ಬಿಸಿಲಿನ ಹುಲ್ಲು ಅದು. ಮಣ್ಣಿನ ಶಾಖ 10 ಡಿಗ್ರಿ ಆಸುಪಾಸಿಗೆ ಇಳಿದರೆ ಬೆಳೆಯುವುದನ್ನೇ ಬಿಡುತ್ತದೆ.

ನಮ್ಮಲ್ಲಿ ಹಾಗಾಗುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕಿಂತ ಸ್ವಲ್ಪ ಕಡಿಮೆ. ಮಧ್ಯಾಹ್ನ ಮತ್ತೆ ಬಿಸಿಲು. ಹುಲ್ಲು ನಿಧಾನ ಆಗುತ್ತದೆ, ಮಂಕಾಗುತ್ತದೆ, ಆದರೆ ಮಲಗುವುದಿಲ್ಲ. ಅದನ್ನು ಹಿಂಡುವುದು ಬೇರೆ ಮೂರು ಸಂಗತಿ. ಮಳೆ ನಿಂತು ಮೇಲ್ಮಣ್ಣು ಒಣಗುವುದು, ಮೂಡಗಾಳಿ, ಮತ್ತು ಬೋರ್‌ವೆಲ್ಲಿನ ಗಡಸು ನೀರು. ಹಾಗಾಗಿ ನಾವು ಹುಲ್ಲನ್ನು ತಯಾರು ಮಾಡಬೇಕಾದ್ದು ಹಿಮಕ್ಕಲ್ಲ, ಒಣ ಹವೆಗೆ. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ ಮುಂದಿನದು ಸಲೀಸು.

ಕೊಳ್ಳುವ ಮುಂಚೆ ಏನೇನು ನೋಡಬೇಕು

ಮೊದಲು ಮಣ್ಣು. ಭದ್ರಾ ನಾಲೆ ಬಯಲಿನ ಕಪ್ಪು ಮಣ್ಣು ನೀರು, ಗೊಬ್ಬರ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಮೊದಲೇ ಚೆನ್ನಾಗಿರುತ್ತದೆ. ಆದರೆ ಒಣಗಿದರೆ ಬಿರಿಯುತ್ತದೆ. ಜನವರಿಯಲ್ಲಿ ನಮ್ಮ ಲಾನ್ ಅಂಚಿನಲ್ಲಿ ತೋರುಬೆರಳು ಇಳಿಯುವಷ್ಟು ಬಿರುಕು ಬಿಡುತ್ತದೆ. ಬಗ್ಗಿ ನೋಡಿದರೆ ಬಿರುಕಿನ ಎರಡೂ ಗೋಡೆಯಿಂದ ಬಿಳಿ ಬೇರಿನ ತುದಿಗಳು ಕಿತ್ತುಕೊಂಡು ಜೋತಾಡುತ್ತಿರುತ್ತವೆ. ಚಿತ್ರದುರ್ಗದ ಕೆಂಪು ಮಣ್ಣು ಬಿರಿಯುವುದಿಲ್ಲ. ಆದರೆ ಹಾಕಿದ್ದೆಲ್ಲ ಬೇಗ ಕೆಳಗೆ ಇಳಿದುಹೋಗುತ್ತದೆ.

ಎರಡನೆಯದು ನೀರು. ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, ಚಳಿಗಾಲದಲ್ಲಿ ಸಲಕ್ಕೆ ಸುಮಾರು 100 ಲೀಟರ್ ಹಾಗೆ ವಾರಕ್ಕೆ ಎರಡು ಸಲ ಬೇಕು. ಅಷ್ಟು ನೀರಿನ ಧೈರ್ಯ ನಿಮಗಿದೆಯಾ? ಇಲ್ಲದಿದ್ದರೆ ಹುಲ್ಲನ್ನು ಜೋರಾಗಿ ಬೆಳೆಸುವ ಯಾವ ಗೊಬ್ಬರವೂ ಬೇಡ. ಬೆಳೆಸಿದ ಹುಲ್ಲು ನೀರು ಕೇಳುತ್ತದೆ.

ಮೂರನೆಯದು ದಿನ. ಗೊಬ್ಬರ ಹಾಕಿದ ಮೇಲೆ ಹುಲ್ಲಿಗೆ ಉಂಡು ಅರಗಿಸಿಕೊಳ್ಳಲು ಮೂರ್ನಾಲ್ಕು ವಾರ ಬೆಚ್ಚನೆಯ ನೆಲ ಸಿಗಬೇಕು. ನನ್ನ ಲೆಕ್ಕದಲ್ಲಿ ಚಿತ್ತಾ ಮಳೆಯ ಕೊನೆಯಿಂದ ಸ್ವಾತಿ ಮಳೆ ಮುಗಿಯುವವರೆಗೆ, ಅಂದರೆ ಅಕ್ಟೋಬರ್ 20ರಿಂದ ನವೆಂಬರ್ 5ರ ಒಳಗೆ ಒಳ್ಳೆ ಕಾಲ. ಜಗ್ಗಿದರೆ ನವೆಂಬರ್ ನಡುವಿನವರೆಗೆ.

ಆಮೇಲೆ ನಿಮ್ಮ ಮನೆಯ ಸಂಗತಿ. ಮಕ್ಕಳು ಹುಲ್ಲಿನ ಮೇಲೆ ಉರುಳಾಡುತ್ತಾರಾ, ನಾಯಿ ಇದೆಯಾ, ಗೊಬ್ಬರ ಜರಡಿ ಹಿಡಿಯಲು ಒಂದು ಭಾನುವಾರ ಸಿಗುತ್ತದಾ, ಕೈಯಲ್ಲಿ ಎಷ್ಟು ಕಾಸಿದೆ. ಇವೂ ಮಣ್ಣಿನಷ್ಟೇ ಮುಖ್ಯ.

ಯೂರಿಯಾ

ಅಗ್ಗ, ಬೇಗ, ಅಪಾಯ. ಇದರಲ್ಲಿ ಸಾರಜನಕ ನೂರಕ್ಕೆ 46 ಭಾಗ. 45 ಕೆಜಿ ಚೀಲಕ್ಕೆ 266.50 ರೂಪಾಯಿ, ಅಂದರೆ ಕೆಜಿಗೆ ಆರು ರೂಪಾಯಿ. ಇಷ್ಟು ಕಡಿಮೆ ಬೆಲೆಗೆ ಒಂದು ವಾರದಲ್ಲಿ ಕಡುಹಸಿರು ತರುವ ಗೊಬ್ಬರ ಬೇರೊಂದಿಲ್ಲ. ಜನ ಮರುಳಾಗುವುದೂ ಇದಕ್ಕೇ.

ಆದರೆ ತಡವಾಗಿ ಕೊಟ್ಟ ಯೂರಿಯಾದಿಂದ ಬರುವ ಎಲೆ ಮೆದು. ನೀರು ಜಾಸ್ತಿ ಕುಡಿಯುತ್ತದೆ, ಇಬ್ಬನಿ ಕೂತರೆ ಬೂಷ್ಟಿನ ರೋಗಕ್ಕೆ ಬೇಗ ಬೀಳುತ್ತದೆ. ಕೊಡುವುದಾದರೆ ಬೇಸಿಗೆಯ ಅರ್ಧ ಪ್ರಮಾಣ ಸಾಕು. ಒಂದು ಚದರಕ್ಕೆ 50 ಗ್ರಾಂ. ಕೆಂಪು ಮಣ್ಣಾದರೆ ಅದನ್ನೂ ಎರಡು ಪಾಲು ಮಾಡಿ, 15 ದಿನ ಬಿಟ್ಟು 25 ಗ್ರಾಂ ಹಾಗೆ. ಇಲ್ಲದಿದ್ದರೆ ಒಂದು ಸ್ವಾತಿ ಮಳೆಗೆ ಅರ್ಧಕ್ಕರ್ಧ ಇಳಿದುಹೋಗುತ್ತದೆ.

ಹಾಕುವ ರೀತಿ ಪ್ರಮಾಣಕ್ಕಿಂತ ಮುಖ್ಯ. ಒಂದು ವರ್ಷ ನಾನು ಬೆಳಿಗ್ಗೆ ಏಳು ಗಂಟೆಗೆ, ಇಬ್ಬನಿ ಇರುವಾಗಲೇ, ಕೈಯಿಂದ ಬೀಸಿಬಿಟ್ಟೆ. ಬಿಳಿ ಕಾಳುಗಳು ಎಲೆಗೆ ಅಂಟಿ, ಕಣ್ಣೆದುರೇ ಕರಗಿ ಹನಿಯಾದವು. ಮರುದಿನ ಸಂಜೆಗೆ ನನ್ನ ಕೈ ಬೀಸಿದ ದಾರಿಯೇ ಹುಲ್ಲಿನ ಮೇಲೆ ಕಂದು ಬಣ್ಣದಲ್ಲಿ ಮೂಡಿತ್ತು. ಮುಷ್ಟಿ ತೆರೆದ ಜಾಗದಲ್ಲಿ ಅಂಗೈಯಷ್ಟು ಸುಟ್ಟ ಗುರುತು, ಮುಂದೆ ಹೋಗುತ್ತಾ ಚುಕ್ಕಿ ಚುಕ್ಕಿ. ಅದು ತುಂಬಲು ಯುಗಾದಿವರೆಗೆ ಕಾಯಬೇಕಾಯಿತು. ಈಗ ಸಂಜೆ, ಎಲೆ ಪೂರ್ತಿ ಒಣಗಿರುವಾಗ, ಯೂರಿಯಾದ ಹತ್ತರಷ್ಟು ಒಣ ಮರಳು ಬೆರೆಸಿ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಎರಚುತ್ತೇನೆ. ತಕ್ಷಣ ಎಲೆ ತೊಳೆದು ಕಾಳು ಮಣ್ಣಿಗೆ ಇಳಿಯುವಷ್ಟು ನೀರು.

ಇನ್ನೊಂದು ಮಾತು. ನಮ್ಮ ಸುತ್ತ ಮೆಕ್ಕೆಜೋಳದವರು ಮಳೆಗಾಲದಲ್ಲಿ ಯೂರಿಯಾಗೆ ಸಾಲು ನಿಲ್ಲುತ್ತಾರೆ. ಆ ಬೆಲೆ ಅವರಿಗಾಗಿ ಸರ್ಕಾರ ಸಹಾಯಧನ ಕೊಟ್ಟು ಇಳಿಸಿದ ಬೆಲೆ. ಮೂರು ಚದರದ ಲಾನ್‌ಗೆ ಬೇಕಾದ್ದು 150 ಗ್ರಾಂ. ಅದಕ್ಕೆ ಚೀಲ ಹೊತ್ತು ತರುವುದು ಬೇಡ. ಹೊಲ ಇರುವ ನೆಂಟರ ಮನೆಯಿಂದ ಒಂದು ಡಬ್ಬಿ ತಂದರೆ ವರ್ಷಕ್ಕಾಗುತ್ತದೆ.

ಕೊಟ್ಟಿಗೆ ಗೊಬ್ಬರ, ಕುರಿ ಗೊಬ್ಬರ, ಎರೆಗೊಬ್ಬರ

ನನ್ನ ಒಲವು ಈ ಮೂರರ ಕಡೆಗೇ. ಕಾರಣ ಸಾರಜನಕ ಅಲ್ಲ. ಕೊಟ್ಟಿಗೆ ಗೊಬ್ಬರ 100 ಕೆಜಿ ಹಾಕಿದರೆ ಸಿಗುವ ಸಾರಜನಕ ಅರ್ಧ ಕೆಜಿ ಮಾತ್ರ. ಆದರೆ ಮಣ್ಣಿನ ಮೇಲೆ ತೆಳ್ಳಗೆ ಹರಡಿದ ಹಳೇ ಗೊಬ್ಬರ ತೇವ ಹಿಡಿಯುತ್ತದೆ, ಹುಲ್ಲಿನ ಬುಡಕ್ಕೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ, ಚಳಿಗಾಲವಿಡೀ ತಟುಕು ತಟುಕಾಗಿ ಉಣಿಸುತ್ತದೆ. ಒಣ ಹವೆಯೇ ನಮ್ಮ ಶತ್ರು ಆದಾಗ ಇದಕ್ಕಿಂತ ಬೇರೆ ಏನು ಬೇಕು?

ಕಪ್ಪು ಮಣ್ಣಿನವರಿಗೆ ಕೊಟ್ಟಿಗೆ ಗೊಬ್ಬರವೇ ಸರಿ. ಜರಡಿ ಹಿಡಿದು ಕಾಲು ಇಂಚು ದಪ್ಪ ಹರಡಿ. ಒಂದು ಚದರಕ್ಕೆ ಮೂರು ನಾಲ್ಕು ಪುಟ್ಟಿ ಬೇಕಾಗುತ್ತದೆ. ಹರಡಿ ಪೊರಕೆಯ ಬೆನ್ನಿನಿಂದ ಉಜ್ಜಿದರೆ ಗೊಬ್ಬರ ಎಲೆಯ ನಡುವೆ ಇಳಿಯುತ್ತದೆ. ಸಣ್ಣ ಬಿರುಕು ಬಿಡಲು ಶುರುವಾಗಿದ್ದರೆ ಅದರೊಳಗೂ ತುಂಬಿ. ಗೊಬ್ಬರ ತುಂಬಿದ ಬಿರುಕು ನಮ್ಮಲ್ಲಿ ಮತ್ತೆ ಅಷ್ಟು ಅಗಲ ಬಾಯಿ ಬಿಡುವುದಿಲ್ಲ. ಹುಲ್ಲಿನ ತುದಿ ಮಾತ್ರ ಕಾಣುತ್ತಿರಲಿ. ಪೂರ್ತಿ ಮುಚ್ಚಿದರೆ ಉಸಿರು ಕಟ್ಟುತ್ತದೆ.

ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯವರಿಗೆ ಕುರಿ ಗೊಬ್ಬರ ಸುಲಭವಾಗಿ ಸಿಗುತ್ತದೆ. ಸತ್ವ ಕೊಟ್ಟಿಗೆ ಗೊಬ್ಬರಕ್ಕಿಂತ ಎಷ್ಟೋ ಪಾಲು ಜಾಸ್ತಿ, ಹಾಗಾಗಿ ಚದರಕ್ಕೆ ಮೂರು ಕೆಜಿ ಸಾಕು. ಅಡಿಕೆ ತೋಟದವರು ಇದನ್ನು ಲೋಡುಗಟ್ಟಲೆ ಕೊಳ್ಳುವುದರಿಂದ ಚನ್ನಗಿರಿ ಕಡೆ ಬೆಲೆ ಬಿಗಿ. ನಮಗೆ ಬೇಕಾದ್ದು ಒಂದೆರಡು ಚೀಲ ತಾನೇ, ಕುರಿ ಮಂದೆಯವರ ಹತ್ತಿರವೇ ಕೇಳಿ. ಹಿಕ್ಕೆ ಹಿಕ್ಕೆಯಾಗಿಯೇ ಇದ್ದರೆ ಹಾಕಬೇಡಿ. ಪುಡಿ ಮಾಡಿ, ಒದ್ದೆ ಮಾಡಿ, ಎರಡು ಮೂರು ತಿಂಗಳು ಕಳಿಸಿದ್ದಾಗಿರಬೇಕು.

ಎರೆಗೊಬ್ಬರ ಮೂರರಲ್ಲಿ ದುಬಾರಿ, ಆದರೆ ಶುಚಿ. ಚದರಕ್ಕೆ ಐದು ಕೆಜಿ. ನಾನು ರೈತರೊಬ್ಬರಿಂದ ಕೊಂಡಿದ್ದು ಕೆಜಿಗೆ ಹತ್ತು ರೂಪಾಯಿಯಂತೆ. ಅಂಗಡಿಯ ಸಣ್ಣ ಪ್ಯಾಕೆಟ್‌ನಲ್ಲಿ ಅದು ಮೂರು ಪಟ್ಟಾದರೂ ಆಗುತ್ತದೆ. ವಾಸನೆ ಇಲ್ಲ, ಜರಡಿ ಹಿಡಿದೇ ಬರುತ್ತದೆ, ಕಳೆ ಬೀಜ ಕಡಿಮೆ. ಪುಟ್ಟ ಮಕ್ಕಳಿರುವ ಮನೆಗೆ, ಒಂದು ಚದರ ಎರಡು ಚದರದ ಲಾನ್‌ಗೆ, ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಗೊಬ್ಬರ ಕೊಳ್ಳುವಾಗ ಒಂದು ಕೆಲಸ ಮಾಡಿ. ಗುಡ್ಡೆಯೊಳಗೆ ಮೊಣಕೈವರೆಗೆ ಕೈ ಇಳಿಸಿ. ಒಳಗೆ ಬೆಚ್ಚಗಿದ್ದರೆ ಇನ್ನೂ ಕಳಿತಿಲ್ಲ ಎಂದರ್ಥ. ಕಳಿತದ್ದು ತಣ್ಣಗಿರುತ್ತದೆ, ಹಿಡಿಯಲ್ಲಿ ಹಿಸುಕಿ ಬಿಟ್ಟರೆ ಉದುರುತ್ತದೆ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅರೆಬೆಂದ ಗೊಬ್ಬರ ಗೊಣ್ಣೆಹುಳುವನ್ನೂ ಗೆದ್ದಲನ್ನೂ ಕರೆದು ತರುತ್ತದೆ. ಒಂದು ನರ್ಸರಿಯಿಂದ ತಂದ ಗೊಬ್ಬರವನ್ನು ಅಕ್ಕ ನೋಡದೆ ಹರಡಿಸಿದ್ದಳು. ಸಂಕ್ರಾಂತಿ ಹೊತ್ತಿಗೆ ಲಾನ್ ತುಂಬಾ ಜೇಕು ಕಳೆ. ಜೇಕಿನ ಗಡ್ಡೆ ಒಂದು ಉಳಿದರೂ ಮತ್ತೆ ಹತ್ತಾಗುತ್ತದೆ. ಎರಡು ವರ್ಷ ಕಿತ್ತರೂ ಮುಗಿಯಲಿಲ್ಲ. ಅವತ್ತಿನಿಂದ ನಾವು ಗೊಬ್ಬರವನ್ನು ಮೊದಲು ಒಂದು ಹಳೇ ತಟ್ಟೆಗೆ ಹಾಕಿ, ನೀರು ಚಿಮುಕಿಸಿ, ಹತ್ತು ಹದಿನೈದು ದಿನ ಬಿಸಿಲಿಗೆ ಇಡುತ್ತೇವೆ. ಜೇಕು, ಪಾರ್ಥೇನಿಯಂ ಏನೇ ಇದ್ದರೂ ತಟ್ಟೆಯಲ್ಲೇ ಮೊಳೆತು ತೋರಿಸುತ್ತದೆ. ಹಾಗಾಗಿ ಗೊಬ್ಬರದ ವಿಚಾರ ಹಸ್ತಾ ಮಳೆಯಲ್ಲೇ ಶುರು ಮಾಡಬೇಕು.

ಪೊಟ್ಯಾಷ್ ಬೇಕಾ?

ಪೊಟ್ಯಾಷ್ ಎಲೆಯ ಉಸಿರುರಂಧ್ರ ತೆರೆದು ಮುಚ್ಚುವುದನ್ನು ಹತೋಟಿಯಲ್ಲಿಡುತ್ತದೆ. ಅದು ಸಾಕಷ್ಟಿದ್ದರೆ ಗಿಡ ನೀರನ್ನು ಬಿಗಿಯಾಗಿ ಬಳಸುತ್ತದೆ. ಹಾಗಾಗಿ ಒಣ ಹವೆಗೂ ಅದು ಒಳ್ಳೆಯದೇ. ಆದರೆ ಕಪ್ಪು ಮಣ್ಣಿನಲ್ಲಿ ಮೊದಲೇ ಇದ್ದುದಕ್ಕೆ ಮತ್ತೆ ಸುರಿದರೆ ಹುಲ್ಲಿಗೆ ಗೊತ್ತೂ ಆಗುವುದಿಲ್ಲ, ಸುಮ್ನೆ ದುಡ್ಡು ದಂಡ. ದಾವಣಗೆರೆ ಬಯಲಿನವರು ಮಣ್ಣು ಪರೀಕ್ಷೆಯಲ್ಲಿ ಕಡಿಮೆ ಎಂದು ಬರದ ಹೊರತು ಇದನ್ನು ಬಿಡಬಹುದು.

ಕೆಂಪು ಮಣ್ಣಿನವರಿಗೆ ಮಾತ್ರ ಹಾಕಿ ಎನ್ನುತ್ತೇನೆ. ಚದರಕ್ಕೆ 50 ಗ್ರಾಂ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್), ಒಂದೇ ಸಲ. ಅದರಲ್ಲಿ ಪೊಟ್ಯಾಷ್ 60 ಭಾಗ, ಜೊತೆಗೆ ಕ್ಲೋರೈಡ್ ಕೂಡ. ನಿಮ್ಮ ಬೋರ್‌ವೆಲ್ ನೀರು ಬಾಯಿಗೆ ಉಪ್ಪುಪ್ಪಾಗಿದ್ದರೆ ಎಂಒಪಿ ಬೇಡ. ‘ಸೊನ್ನೆ ಸೊನ್ನೆ ಐವತ್ತು’ ಎಂದು ಅಂಗಡಿಯಲ್ಲಿ ಕೇಳಿದರೆ ಸಲ್ಫೇಟ್ ರೂಪದ ಪೊಟ್ಯಾಷ್ ಕೊಡುತ್ತಾರೆ. ಬೆಲೆ ಜಾಸ್ತಿ, ಆದರೆ ಉಪ್ಪಿನ ಮೇಲೆ ಉಪ್ಪು ಸುರಿದಂತೆ ಆಗುವುದಿಲ್ಲ. ಒಲೆ ಬೂದಿಯಲ್ಲೂ ಪೊಟ್ಯಾಷ್ ಇದೆ. ಆದರೆ ಅದು ಸುಣ್ಣದ ಗುಣದ್ದು. ನಮ್ಮ ನೀರು ಮೊದಲೇ ಗಡಸು, ಬೂದಿ ಸುರಿದರೆ ಮಣ್ಣು ಇನ್ನಷ್ಟು ಕ್ಷಾರವಾಗುತ್ತದೆ.

ಡಿಎಪಿ, 19 ಆಲ್, ಹಿಂಡಿಗಳು

ಡಿಎಪಿಯಲ್ಲಿ ರಂಜಕ 46 ಭಾಗ. ರಂಜಕ ಬೇಕಾದ್ದು ಹೊಸ ಬೇರಿಗೆ. ಈ ಅಕ್ಟೋಬರ್‌ನಲ್ಲೇ ಹೊಸದಾಗಿ ಹುಲ್ಲು ನೆಡುತ್ತಿದ್ದರೆ ಮಣ್ಣಿಗೆ ಬೆರೆಸಿ. ಬೇರೂರಿದ ಲಾನ್‌ಗೆ ಚಳಿಯ ಮುಂಚೆ ಬೇಡ.

19 ಆಲ್ ಎಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ 19 ಭಾಗ ಇರುವ, ನೀರಲ್ಲಿ ಕರಗುವ ಗೊಬ್ಬರ. ಅದನ್ನು ಲೀಟರಿಗೆ ಐದು ಗ್ರಾಂ ಕರಗಿಸಿ ಚದರಕ್ಕೆ ಹತ್ತು ಲೀಟರ್ ಹಾಕಬಹುದು. ಬಣ್ಣ ಬೇಗ ಬರುತ್ತದೆ, ಸುಡುವ ಭಯ ಕಡಿಮೆ. ಯೂರಿಯಾಗೆ ಹೋಲಿಸಿದರೆ ಹತ್ತಾರು ಪಟ್ಟು ದುಬಾರಿ, ಪರಿಣಾಮವೂ ಎರಡು ಮೂರು ವಾರದ್ದು. ಮನೆಯಲ್ಲಿ ಡಿಸೆಂಬರ್‌ಗೆ ಮದುವೆ ಇದೆ, ಅಂಗಳ ಹಸಿರಿರಬೇಕು ಅನ್ನುವವರಿಗೆ ಸರಿ.

ಬೇವಿನ ಹಿಂಡಿ ನನಗೆ ಇಷ್ಟದ್ದು. ಚದರಕ್ಕೆ ಒಂದು ಕೆಜಿ ಪುಡಿ. ಸಾರಜನಕ ನಾಲ್ಕೈದು ಭಾಗ, ನಿಧಾನಕ್ಕೆ ಬಿಡುತ್ತದೆ. ಗೊಣ್ಣೆಹುಳು, ಗೆದ್ದಲಿನ ಕಾಟ ಇರುವ ಕಡೆ ಅಷ್ಟಿಷ್ಟು ತಡೆಯೂ ಆಗುತ್ತದೆ. ಮೂಗಿಗೆ ಒಂದು ವಾರ ಕಷ್ಟ, ಅಷ್ಟೇ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿ ಇನ್ನೂ ಸತ್ವದ್ದು, ಸಾರಜನಕ ಏಳು ಭಾಗದಷ್ಟು. ಆದರೆ ಇರುವೆ, ಇಲಿ, ಬೀದಿನಾಯಿ ಎಲ್ಲಕ್ಕೂ ಅದು ಊಟ. ನಮ್ಮ ಲಾನ್‌ನಲ್ಲಿ ಒಂದೇ ರಾತ್ರಿಯಲ್ಲಿ ನಾಯಿಗಳು ಆರೇಳು ಕಡೆ ಕೆದಕಿದ್ದವು. ಅದು ದನಕ್ಕೇ ಇರಲಿ.

ಹಳದಿ ಎಂದರೆಲ್ಲ ಹಸಿವಲ್ಲ

ಇದನ್ನು ಸ್ವಲ್ಪ ನಿಂತು ನೋಡಬೇಕು. ಚಳಿ ಶುರುವಾದಾಗ ಹುಲ್ಲು ಹಳದಿಯಾದರೆ ಎಲ್ಲರೂ ಯೂರಿಯಾ ಹುಡುಕುತ್ತಾರೆ. ಮೊದಲು ಒಂದು ಕಡ್ಡಿ ಕಿತ್ತು ಬೆಳಕಿಗೆ ಹಿಡಿಯಿರಿ. ಕೆಳಗಿನ ಹಳೇ ಎಲೆ ಹಳದಿ, ತುದಿಯ ಎಳೇ ಎಲೆ ಹಸಿರು ಇದ್ದರೆ ಸಾರಜನಕದ ಕೊರತೆ. ಉಲ್ಟಾ ಇದ್ದರೆ, ಅಂದರೆ ಎಳೇ ಎಲೆಯೇ ಹಳದಿಯಾಗಿ ಅದರಲ್ಲಿ ನರ ಮಾತ್ರ ಹಸಿರು ಗೆರೆಯಾಗಿ ಕಂಡರೆ, ಅದು ಕಬ್ಬಿಣದ ಕೊರತೆ. ಸುಣ್ಣ ಇರುವ ಕಪ್ಪು ಮಣ್ಣು, ಬಕೆಟ್ ಅಂಚಿಗೆ ಬಿಳಿ ಗೆರೆ ಕಟ್ಟುವ ಬೋರ್‌ವೆಲ್ ನೀರು, ಇವೆರಡೂ ಸೇರಿದ ಕಡೆ ಇದು ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಬೇರಿಗೆ ಎಟುಕುವುದಿಲ್ಲ.

ಇದಕ್ಕೆ ಯೂರಿಯಾ ಮದ್ದಲ್ಲ. ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರ್ ನೀರಿಗೆ ಐದು ಗ್ರಾಂ, ಅದರ ಜೊತೆ ಒಂದು ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಕೆಲವೇ ದಿನದಲ್ಲಿ ಬಣ್ಣ ತಿರುಗುತ್ತದೆ, ಆದರೆ ಹುಲ್ಲು ಉದ್ದ ಬೆಳೆಯುವುದಿಲ್ಲ. ನೀರಿನ ಬೇಡಿಕೆ ಹೆಚ್ಚದೆ ಹಸಿರು ಸಿಗುವ ದಾರಿ ಇದು. ಪಕ್ಕದ ಟೈಲ್ಸ್, ಸಿಮೆಂಟ್ ಮೇಲೆ ಬೀಳದಂತೆ ಗೋಣಿಚೀಲ ಹಾಸಿ. ಬಿದ್ದ ಹನಿ ತುಕ್ಕಿನ ಚುಕ್ಕಿಯಾಗಿ ಕೂತರೆ ಉಜ್ಜಿದರೂ ಹೋಗುವುದಿಲ್ಲ.

ಅನುಮಾನ ಇದ್ದವರು ಮಣ್ಣು ಪರೀಕ್ಷೆ ಮಾಡಿಸಿ. ಲಾನ್‌ನ ಐದಾರು ಕಡೆ ನಾಲ್ಕು ಇಂಚು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಕೊಟ್ಟರೆ ಸಾಕು. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರ.

ಹಾಗಾದರೆ ನೀವು ಯಾವುದು ಹಾಕಬೇಕು

ಕಪ್ಪು ಮಣ್ಣು, ನೀರು ಧಾರಾಳ ಇದ್ದರೆ ಕೊಟ್ಟಿಗೆ ಗೊಬ್ಬರ ಹರಡಿ, ಹದಿನೈದು ದಿನ ಬಿಟ್ಟು ಚದರಕ್ಕೆ 50 ಗ್ರಾಂ ಯೂರಿಯಾ, ಒಂದೇ ಸಲ. ಕಪ್ಪು ಮಣ್ಣು, ನೀರು ಬಿಗಿ ಎಂದರೆ ಗೊಬ್ಬರ ಮಾತ್ರ, ಯೂರಿಯಾ ಬೇಡ. ಬಣ್ಣ ಬೇಕೆನಿಸಿದರೆ ಅನ್ನಭೇದಿ.

ಕೆಂಪು ಮಣ್ಣಿಗೆ ನೀರಿದ್ದರೆ ಕುರಿ ಗೊಬ್ಬರ, ಪೊಟ್ಯಾಷ್, ಯೂರಿಯಾ ಎರಡು ಪಾಲಾಗಿ. ನೀರಿಲ್ಲದಿದ್ದರೆ ಕುರಿ ಗೊಬ್ಬರ, ಪೊಟ್ಯಾಷ್ ಎರಡೇ. ಗೆದ್ದಲು ಕಂಡಿದ್ದರೆ ಬೇವಿನ ಹಿಂಡಿ ಸೇರಿಸಿ, ಕುರಿ ಗೊಬ್ಬರ ಅರ್ಧಕ್ಕೆ ಇಳಿಸಿ.

ಕೈಯಲ್ಲಿ 50 ರೂಪಾಯಿ ಮಾತ್ರ ಇದೆ ಎನ್ನುವವರು ಏನೂ ಕೊಳ್ಳದೆ ಹುಲ್ಲು ಕತ್ತರಿಸುವ ಎತ್ತರ ಒಂದೂವರೆ ಇಂಚಿಗೆ ಏರಿಸಿ, ಕತ್ತರಿಸಿದ ಚೂರನ್ನು ಅಲ್ಲೇ ಬಿಡಿ. ಎತ್ತರದ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು ಕೊಡುತ್ತದೆ, ಬಿದ್ದ ಚೂರು ಗೊಬ್ಬರವಾಗುತ್ತದೆ. ಬೇರೆ ಏನು ಹಾಕಿದವರೂ ಇದನ್ನು ಮಾಡಬೇಕು.

ಮೆಕ್ಸಿಕನ್ ಹುಲ್ಲು ಹಾಕಿಸಿದವರಿಗೆ ಒಂದು ಮಾತು. ಅದು ಬರ್ಮುಡಾಗಿಂತ ನಿಧಾನ ಬೆಳೆಯುವ ಹುಲ್ಲು, ಹಸಿವೂ ಕಡಿಮೆ. ನಾನು ಹೇಳಿದ ಯೂರಿಯಾವನ್ನು ಮತ್ತೆ ಅರ್ಧ ಮಾಡಿ, ಇಲ್ಲವೇ ಎರೆಗೊಬ್ಬರಕ್ಕೇ ನಿಲ್ಲಿಸಿ.

ವಿಶಾಖ ಮಳೆಯೂ ದಾಟಿ ಡಿಸೆಂಬರ್ ಬಂದುಬಿಟ್ಟಿದ್ದರೆ ಯೂರಿಯಾ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಒಳಗಿಡಿ. ಗಾಳಿ ತಾಗಿದರೆ ತೇವ ಕುಡಿದು ಗಟ್ಟಿಯಾಗುತ್ತದೆ. ಶಿವರಾತ್ರಿ ಕಳೆದು ರಾತ್ರಿ ಬೆಚ್ಚಗಾದ ಮೇಲೆ, ಹೊಸ ಚಿಗುರು ಕಂಡ ವಾರ ತೆಗೆಯಿರಿ. ಅಲ್ಲಿಯವರೆಗೆ ನೀರು, ಎತ್ತರದ ಕತ್ತರಿಕೆ, ತೆಳ್ಳಗೆ ಎರೆಗೊಬ್ಬರ ಸಾಕು.

ಅಕ್ಕನಿಗೆ ಈ ಸಲ ಹೇಳಿದ್ದು ಹೀಗೆ. ಹದಿನೈದು ಕೆಜಿ ಕುರಿ ಗೊಬ್ಬರ, 250 ಗ್ರಾಂ ‘ಸೊನ್ನೆ ಸೊನ್ನೆ ಐವತ್ತು’. ಯೂರಿಯಾ ಇಲ್ಲ, ಏಕೆಂದರೆ ಅವಳ ಬೋರ್‌ವೆಲ್ ಕಳೆದ ಜನವರಿಯಲ್ಲಿ ಮೂರು ದಿನಕ್ಕೊಮ್ಮೆ ಮಾತ್ರ ನೀರು ಕೊಟ್ಟಿತ್ತು. ಗೊಬ್ಬರದ ತಟ್ಟೆ ಅವಳ ಮಹಡಿಯ ಬಿಸಿಲಿನಲ್ಲಿದೆ. ಇವತ್ತಿಗೆ ಹನ್ನೊಂದು ದಿನ, ಇನ್ನೂ ಏನೂ ಮೊಳೆತಿಲ್ಲವಂತೆ.